ಲೋದೆಬಾರಿನ ಹಾಸಿಗೆ

ಹತ್ತಿಯತ್ತೆಗೆ ಆ ಹೆಸರಿಟ್ಟವರು ಯಾರೆಂದು ಅವಳಿಗೇ ಗೊತ್ತಿರಲಿಲ್ಲ. ಕೂದಲಲ್ಲಿ, ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಸದಾ ಹತ್ತಿಯ ಎಳೆ ಅಂಟಿಸಿಕೊಂಡು ಓಡಾಡುವವಳನ್ನು ಇನ್ನೇನೆಂದು ಕರೆಯುವುದು? ಅವಳಿಗಿಂತ ವಯಸ್ಸಾದವರೂ ಅತ್ತೆ ಎಂದೇ ಕರೆಯುತ್ತಿದ್ದರು. ಹತ್ತಿ ಮೆತ್ತಗಿರುತ್ತದೆ, ಸರಿ. ಅತ್ತೆ ಮೆತ್ತಗಿರಲಿಲ್ಲ. ಕೋಪ ಮೂಗಿನ ತುದಿಯಲ್ಲಿ, ಮಾತು ಕಡ್ಡಿ ಮುರಿದ ಹಾಗೆ. ಹಾಗಿದ್ದೂ ಗಲ್ಲಿಯವರಿಗೆ ಅವಳಿಲ್ಲದೆ ಆಗುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಬೆನ್ನು ಎಂಬುದೊಂದು ಇತ್ತು.

ಅವಳದು ಹಾಸಿಗೆ ಹೊಲಿಯುವ ಕೆಲಸ. ರೈಲಿನ ಸರಕು ಗೋದಾಮಿನ ಹಿಂದಿನ ಗಲ್ಲಿಯ ಕೊನೆಯಲ್ಲಿ ಅವಳ ಶೆಡ್ಡು. ಒಂದು ಕಾಲದಲ್ಲಿ ಎಂಜಿನ್ನುಗಳ ಬೂದಿಯನ್ನೆಲ್ಲ ತಂದು ಸುರಿದ ಜಾಗವದು. ನೆಲ ಕಪ್ಪಗೆ, ಕಾಲಿಟ್ಟರೆ ಕರಕರ. ಒಂದು ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಯಾರೋ ಬುದ್ಧಿವಂತ ಅಲ್ಲಿ ಮೇಕೆ ಸಾಕಲು ಹೋಗಿದ್ದನಂತೆ. ಮೇಕೆ ಮೊದಲು ತನ್ನ ಹಗ್ಗ ತಿಂದು, ಆಮೇಲೆ ಒಗೆದು ಹಾಕಿದ ಬಟ್ಟೆ ತಿಂದು, ಕೊನೆಗೆ ಬೇಸತ್ತು ಬೇರೆ ಬೀದಿಗೆ ಓಡಿಹೋಯಿತು ಎಂದು ಹೇಳಿಕೊಂಡು ನಗುತ್ತಿದ್ದರು.

ಹತ್ತಿಯತ್ತೆಯ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಯಾರಾದರೂ ಹಾಸಿಗೆ ಬೇಕೆಂದು ಬಂದರೆ ಉದ್ದ ಎಷ್ಟು, ಅಗಲ ಎಷ್ಟು ಎಂದು ಕೇಳುತ್ತಿರಲಿಲ್ಲ. "ಮಲಗೋರು ಯಾರು?" ಎಂದು ಕೇಳುತ್ತಿದ್ದಳು. ಮಲಗುವವರೇ ಬಂದು ಅವಳ ಹೊಲಿಯುವ ಹಲಗೆಯ ಮೇಲೆ ಮಲಗಿ ತೋರಿಸಬೇಕು. ಅವಳು ಸೊಂಟದ ಕೆಳಗೆ, ಭುಜದ ಕೆಳಗೆ, ಹಿಮ್ಮಡಿಯ ಕೆಳಗೆ ಅಂಗೈ ತೂರಿಸಿ ನೋಡಿ, ಎಲ್ಲಿ ಹತ್ತಿ ಹೆಚ್ಚು, ಎಲ್ಲಿ ಕಡಿಮೆ ಎಂದು ಗೊತ್ತು ಮಾಡಿಕೊಳ್ಳುವಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಯಾವನೋ ಸೋಮಾರಿ ಹೊಲಿಯೋನು ಕಟ್ಟಿದ ಗಾದೆ ಅದು. ಕಾಲಿರೋವಷ್ಟು ಹಾಸಿಗೆ ಹೊಲಿಯೋಕೆ ಏನಂತೆ ರೋಗ?" ಎನ್ನುತ್ತಿದ್ದಳು.

ಒಮ್ಮೆ ಹೋಟೆಲಿನ ಮ್ಯಾನೇಜರ್ ಒಬ್ಬ, ಕೋಣೆಗಳ ಹಾಸಿಗೆಗೆ ಒಳಗೆ ಚಿಂದಿ ತುಂಬಿ ಮೇಲಷ್ಟೇ ಹತ್ತಿ ಹಾಕು, ಒಂದು ರಾತ್ರಿ ಮಲಗಿ ಹೋಗುವವರಿಗೆ ಏನು ಗೊತ್ತಾಗುತ್ತದೆ ಎಂದ. ಹತ್ತಿಯತ್ತೆ ಆಗಲೇ ಹೊಲಿದು ಕೊಟ್ಟಿದ್ದ ಹಾಸಿಗೆಯೊಂದನ್ನು ಅವನ ಹೋಟೆಲಿನ ಬಾಗಿಲಲ್ಲೇ ಕತ್ತರಿಯಿಂದ ಸೀಳಿ, ಒಳ್ಳೆಯ ಹತ್ತಿಯನ್ನೆಲ್ಲ ಹೊರಗೆಳೆದು ಚೀಲಕ್ಕೆ ತುಂಬಿಕೊಂಡು, ಬರಿಯ ಗವಸನ್ನು ಅವನ ಮೇಜಿನ ಮೇಲಿಟ್ಟು, "ಚಿಂದಿ ನೀವೇ ತುಂಬ್ಕೊಳ್ಳಿ" ಎಂದು ಬಂದಳು. ಅಂಥವಳು.

ಗೋಡೆಯಾಚೆಯ ಕೋಣೆಯಲ್ಲಿ ಒಂದು ಸಂಸಾರ ಬಾಡಿಗೆಗಿತ್ತು. ಗಂಡ ದೊಡ್ಡ ಮನೆತನದವನು. ಮನೆಯವರು ಒಪ್ಪದ ಹುಡುಗಿಯನ್ನು ಮದುವೆಯಾಗಿ, ಮನೆ ಬಿಟ್ಟು ಬಂದು, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಮೂಟೆಗಳ ಅಟ್ಟಿ ಮೈಮೇಲೆ ಕುಸಿದು ತೀರಿಹೋದ. ಸ್ವಲ್ಪ ದಿನಕ್ಕೆ ಹೆಂಡತಿಯೂ ಜ್ವರದಲ್ಲಿ ಹೋದಳು. ಉಳಿದದ್ದು ಒಂದು ಹೆಣ್ಣುಮಗು. ಹುಟ್ಟಿದ ವರ್ಷವೇ ಕಾಯಿಲೆ ಬಂದು ಎರಡು ಕಾಲೂ ಸೊರಗಿದ ಮಗು. ಗಂಡನ ಅಣ್ಣ, ಅಂದರೆ ಮಗುವಿನ ದೊಡ್ಡಪ್ಪ, ತಮ್ಮನ ಮಣ್ಣಿಗೆ ಬರಲಿಲ್ಲ. ಹೂವಿನ ಹಾರ ಕಳಿಸಿದ. ತಮ್ಮನ ಹೆಂಡತಿಯ ಮಣ್ಣಿಗೆ ಅದನ್ನೂ ಕಳಿಸಲಿಲ್ಲ.

ಗಲ್ಲಿಯವರು ಅನಾಥಾಲಯದ ಮಾತೆತ್ತಿದರು. ಹತ್ತಿಯತ್ತೆ, "ಹತ್ತಿ ಮೂಟೆ ಇಡೋಕೆ ಜಾಗ ಇದೆ, ಇಷ್ಟುದ್ದದ ಮಗೂಗಿಲ್ವಾ?" ಎಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಶೆಡ್ಡಿಗೆ ನಡೆದಳು. ಮಗು ಅವಳ ತೋಳನ್ನು ಕಚ್ಚಿತು. ಎತ್ತಿಕೊಂಡಾಗಲೆಲ್ಲ ಕಚ್ಚುತ್ತಿತ್ತು. ಹತ್ತಿಯತ್ತೆ ಒಂದು ವಾರ ಸಹಿಸಿಕೊಂಡು ಆಮೇಲೆ ನೆಲಕ್ಕೆ ಬಿಟ್ಟಳು. "ಕಚ್ಚೋಕೆ ಹಲ್ಲಿರೋಳಿಗೆ ಏಳೋಕೆ ಕೈಯೂ ಇರುತ್ತೆ. ಏಳು." ಮಗು ಎದ್ದಿತು. ಅಂದರೆ, ಬಿದ್ದು ಎದ್ದು, ಮತ್ತೆ ಬಿದ್ದು, ಅತ್ತು, ಬೈದು, ಎದ್ದಿತು. ಮೈ ಸಣಕಲು, ನಾಲಿಗೆ ಚೂಪು. ಸೂಜಿ ಎಂದು ಹೆಸರು ಬಿತ್ತು.

ಸೂಜಿಗಾಗಿ ಹತ್ತಿಯತ್ತೆ ಶೆಡ್ಡನ್ನೇ ಕುಳ್ಳು ಮಾಡಿದಳು. ಹೊಲಿಯುವ ಹಲಗೆಯ ಕಾಲುಗಳನ್ನು ಗರಗಸದಿಂದ ಕೊಯ್ದಳು. ಹೊಸ್ತಿಲು ಕಿತ್ತಳು. ಮೊದಲೇ ಗಿಡ್ಡವಾಗಿದ್ದ ಬಾಗಿಲ ಚಿಲಕವನ್ನು ಮೊಣಕಾಲೆತ್ತರಕ್ಕೆ ಇಳಿಸಿದಳು. ತೊಲೆಯಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟು, ಹಿಡಿದು ಏಳಲು ಅನುಕೂಲವಾಗುವಂತೆ ಅಲ್ಲಲ್ಲಿ ಗಂಟು ಹಾಕಿದಳು. ಬಂದವರೆಲ್ಲ ಬಗ್ಗಿ ಒಳಬಂದು ಕುಕ್ಕರಗಾಲಲ್ಲಿ ಕೂರಬೇಕಾಗುತ್ತಿತ್ತು. ಬಗ್ಗಲಿ ಎಂದಳು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಸೂಜಿಯ ಹಾಸಿಗೆಗೆ. ಸೊಂಟದ ಕಡೆ ಬಿಗಿ, ಮೀನಖಂಡದ ಕೆಳಗೆ ಒಂದು ದಿಂಡು, ಎರಡೂ ಅಂಚಿಗೆ ಹತ್ತಿಯನ್ನು ಗುದ್ದಿ ಗುದ್ದಿ ತುಂಬಿ ದಬ್ಬಣದಿಂದ ಒತ್ತೊತ್ತಾಗಿ ಹೊಲಿದ ಗಟ್ಟಿ ಪಟ್ಟಿ. ಆ ಅಂಚಿಗೆ ಮುಷ್ಟಿ ಊರಿದರೆ ಅದು ಕುಸಿಯುವುದಿಲ್ಲ. ಸೂಜಿ ಅದರ ಬಲದ ಮೇಲೆ ಮೈಯೆತ್ತಿ, ಊರುಗೋಲು ಎಳೆದುಕೊಂಡು ಎದ್ದು ನಿಲ್ಲುವಳು. ಹುಡುಗಿ ಬೆಳೆದ ಹಾಗೆಲ್ಲ ಹಾಸಿಗೆಯನ್ನು ಬಿಚ್ಚಿ, ಹಿಂಜಿ, ಮತ್ತೆ ಹೊಲಿದಳು. ಎದ್ದ ಮೇಲೆ ಇಬ್ಬರೂ ಹಲಗೆಯ ಎರಡು ಕಡೆ ಕೂತು ದಿನವಿಡೀ ಕೆಲಸ ಮಾಡುತ್ತ ಜಗಳವಾಡುತ್ತಿದ್ದರು. ಜಗಳವಿಲ್ಲದ ದಿನ ಪಕ್ಕದ ಮನೆಯವರು ಬಂದು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳುವುದಿತ್ತು.

ಸೂಜಿಗೆ ಮದುವೆಯ ವಯಸ್ಸು ಬಂದ ಕಾಲಕ್ಕೆ ದೊಡ್ಡಪ್ಪನಿಗೆ ಅವಳ ನೆನಪು ಬಂತು.

ಅದಕ್ಕೆ ಕಾರಣ ಚರ್ಚಿನಲ್ಲಿ ಪಾದ್ರಿ ಮಾಡಿದ ಒಂದು ಪ್ರಸಂಗ, ಅಂದರೆ ಉಪದೇಶ. ಸೂಜಿ ಭಾನುವಾರಗಳಲ್ಲಿ ಕೈಯಿಂದ ತಿರುಗಿಸುವ ತನ್ನ ಮೂರುಗಾಲಿ ಬಂಡಿಯಲ್ಲಿ ಚರ್ಚಿಗೆ ಹೋಗುತ್ತಿದ್ದಳು. ದೊಡ್ಡಪ್ಪ ಅದೇ ಸಭೆಯ ಹಿರಿಯ. ಮುಂದಿನ ಬೆಂಚು ಅವನದು. ಆ ಭಾನುವಾರ ಪಾದ್ರಿ ದಾವೀದ ರಾಜನ ಕಥೆ ಹೇಳಿದರು. ದಾವೀದನ ಜೀವದ ಗೆಳೆಯ ಯುದ್ಧದಲ್ಲಿ ಸತ್ತಿದ್ದ. ಅವನ ಮಗ ಮೆಫೀಬೋಶೆತ್, ಎರಡು ಕಾಲೂ ಕುಂಟು, ಲೋದೆಬಾರ್ ಎಂಬ ಊರಿನಲ್ಲಿ ಯಾರದೋ ಮನೆಯಲ್ಲಿದ್ದ. ರಾಜ ಅವನನ್ನು ಹುಡುಕಿಸಿ ತರಿಸಿ, ದಿನವೂ ತನ್ನ ಮೇಜಿನಲ್ಲೇ ಊಟಕ್ಕೆ ಕೂರಿಸಿಕೊಂಡ. ಪ್ರಸಂಗ ಕೇಳುವವರೆಲ್ಲ ಕಥೆಯಲ್ಲಿ ತಮಗೊಂದು ಪಾತ್ರ ಹುಡುಕಿಕೊಳ್ಳುತ್ತಾರೆ. ದೊಡ್ಡಪ್ಪನಿಗೆ ಸಿಕ್ಕಿದ್ದು ರಾಜನದು.

ಮಾರನೆಯ ದಿನವೇ ಅವನ ಕಾರು ಬೂದಿಯ ಮೇಲೆ ಕರಕರ ಎನ್ನುತ್ತ ಬಂತು. ದೊಡ್ಡಪ್ಪ ಇಳಿದ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ, ಸೊಂಟಕ್ಕೆ ದಿಂಬು ಒತ್ತಿಕೊಂಡು ಕೂತಿದ್ದವಳು, ಇಳಿಯಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಅವನು ಬಗ್ಗಲಿಲ್ಲ. ಹೊರಗೇ ನಿಂತು ಮಾತಾಡಿದ.

"ನಮ್ಮ ಹುಡುಗಿ ಇಂಥ ಲೋದೆಬಾರಿನಲ್ಲಿ ಬಿದ್ದಿರೋದು ನನ್ನಿಂದ ನೋಡೋಕಾಗಲ್ಲ. ನಮ್ಮ ಮನೇಲಿ ಕೋಣೆ ರೆಡಿ ಮಾಡ್ಸಿದೀನಿ. ಇನ್ಮೇಲೆ ನಮ್ಮ ಮೇಜಿನಲ್ಲೇ ಊಟ ಮಾಡ್ತಾಳೆ."

ದಬ್ಬಣ ಹಿಡಿದ ಕೈ ನಿಲ್ಲಿಸದೆ ಹತ್ತಿಯತ್ತೆ ಕೇಳಿದಳು, "ಅವಳಿಗೆ ಇಲ್ಲಿ ಊಟ ಇಲ್ಲ ಅಂತ ನಿಮಗ್ಯಾರು ಹೇಳಿದ್ರು ಯಜಮಾನ್ರೇ?"

"ನೋಡಮ್ಮ, ನೀನು ಮಾಡಿದ್ದು ಒಳ್ಳೇದೇ. ನಾನಿಲ್ಲ ಅನ್ನಲ್ಲ. ಆದ್ರೆ ಅವಳು ನಮ್ಮ ರಕ್ತ. ನೀನು ಅವಳಿಗೆ ಏನಾಗಬೇಕು?"

ಹತ್ತಿಯತ್ತೆ ಬಾಯಿ ತೆರೆದಳು. ಮಾತು ಬರಲಿಲ್ಲ. ಜೀವನದಲ್ಲಿ ಅದೇ ಮೊದಲು. ಅತ್ತೆ ಎಂದು ಹೇಳೋಣವೆಂದರೆ ಅದು ಊರೆಲ್ಲ ಕರೆಯುವ ಹೆಸರು. ಸೂಜಿ ತಲೆ ಬಗ್ಗಿಸಿ ಹೊಲಿಗೆ ಮುಂದುವರಿಸಿದಳು. ಶುಕ್ರವಾರ ಬರುತ್ತೇನೆಂದು ಹೇಳಿ ದೊಡ್ಡಪ್ಪ ಹೋದ.

ಕೋಪ ಬಂದದ್ದು ಆಮೇಲೆ. ಬಂದಾಗ ಚೆನ್ನಾಗಿಯೇ ಬಂತು. ಹಿಂದಿನ ದಿನದ ಪ್ರಸಂಗವನ್ನು ಸೂಜಿಯ ಬಾಯಲ್ಲಿ ಕೇಳಿಕೊಂಡು, ತಲೆಯ ಹತ್ತಿಯನ್ನೂ ಕೊಡವದೆ ನೇರ ಪಾದ್ರಿಯ ಮನೆಗೆ ನಡೆದಳು. ಪಾದ್ರಿ ಅಡುಗೆಮನೆಯಲ್ಲಿ, ಸೋರುವ ನಲ್ಲಿಗೆ ನೂಲು ಸುತ್ತುತ್ತಿದ್ದರು.

"ಲೋದೆಬಾರ್ ಅಂದ್ರೇನು?"

ಪಾದ್ರಿ ತಿರುಗಿ ನೋಡಿದರು. "ಊರಿನ ಹೆಸರಮ್ಮ. ಹೀಬ್ರೂ ಭಾಷೆಯ ಮಾತು. ಮೇವಿಲ್ಲದ್ದು ಅಂತ ಅರ್ಥ ಹೇಳ್ತಾರೆ. ಏನೂ ಇಲ್ಲದ್ದು ಅಂತಾನೂ ಹೇಳೋರಿದಾರೆ. ಎಲ್ಲಿತ್ತು ಅಂತ ಗಟ್ಟಿಯಾಗಿ ಗೊತ್ತಿಲ್ಲ. ನದಿಯಾಚೆ ಎಲ್ಲೋ ಒಂದು ಮೂಲೆ."

"ಮೇವಿಲ್ಲದ್ದು. ಸರಿ. ಹಾಗಾದ್ರೆ ಆ ಕುಂಟ ಹುಡುಗ ಅಷ್ಟು ವರ್ಷ ಏನು ಗಾಳಿ ತಿಂದ್ಕೊಂಡಿದ್ನಾ? ಯಾರೋ ಹಾಕಿರಬೇಕಲ್ಲ ಅವನಿಗೆ ಊಟ?"

ಪಾದ್ರಿ ನಲ್ಲಿಯನ್ನು ಬಿಟ್ಟು ಕುರ್ಚಿಯ ಮೇಲೆ ಕೂತರು. "ಹಾಕಿದ. ಮಾಕೀರ ಅನ್ನೋನು. ಅವನ ಮನೇಲೇ ಇದ್ದ."

"ಅವನು ಹುಡುಗನಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ. ಸಂಬಂಧ ಇತ್ತು ಅಂತ ಎಲ್ಲೂ ಹೇಳಿಲ್ಲ. ಆ ಹುಡುಗನ ತಾತ ಹಿಂದಿನ ರಾಜ. ಅಂಥ ವಂಶದ ಕುಡೀನ ಮನೇಲಿ ಇಟ್ಕೊಳ್ಳೋದು ಅಂದ್ರೆ ಹೊಸ ರಾಜನ ಕೋಪಕ್ಕೆ ಕತ್ತು ಕೊಟ್ಟ ಹಾಗೆ. ಆದ್ರೂ ಇಟ್ಕೊಂಡ." ಪಾದ್ರಿ ಸ್ವಲ್ಪ ನಕ್ಕರು. "ಕೂತ್ಕೊಳ್ಳಿ. ನಾನು ಪ್ರಸಂಗ ಮುಗಿಸಿದ ಕಡೆ ಕಥೆ ಮುಗಿಯಲ್ಲ. ಮುಂದೆ ದಾವೀದನ ಸ್ವಂತ ಮಗನೇ ಅವನ ಮೇಲೆ ದಂಡೆತ್ತಿ ಬಂದ. ರಾಜ ಅರಮನೆ ಬಿಟ್ಟು, ಬರಿಗಾಲಲ್ಲಿ ಅಳುತ್ತ, ನದಿ ದಾಟಿ ಓಡಿಹೋದ. ಅವನೂ ಅವನ ಜನರೂ ಹಸಿದು ಬಾಯಾರಿ ಕೂತಿದ್ದಾಗ ಮೂರು ಜನ ಸಾಮಾನು ಹೊತ್ಕೊಂಡು ಬಂದ್ರು. ಅದರಲ್ಲೊಬ್ಬ ಲೋದೆಬಾರಿನ ಮಾಕೀರ. ಗೋಧಿ, ಹಿಟ್ಟು, ಕಾಳು, ಜೇನು, ಬೆಣ್ಣೆ, ಕುರಿ. ಏನೂ ಇಲ್ಲದ ಊರಿನಿಂದ! ಆ ಸಾಮಾನಿನಲ್ಲಿ ಮೊದಲು ಹೇಳಿರೋದು ಏನು ಗೊತ್ತಾ?"

"ಏನು?"

"ಹಾಸಿಗೆ."

ಹತ್ತಿಯತ್ತೆ ಎಷ್ಟು ಜೋರಾಗಿ ನಕ್ಕಳೆಂದರೆ ಒಳಗಿಂದ ಪಾದ್ರಿಯ ಹೆಂಡತಿ ಓಡಿ ಬಂದಳು. ನಗು ನಿಂತ ಮೇಲೆ ಹತ್ತಿಯತ್ತೆ ಕಣ್ಣೊರೆಸಿಕೊಂಡು ಕೇಳಿದಳು, "ಇದನ್ಯಾಕೆ ನಿನ್ನೆ ಹೇಳಲಿಲ್ಲ ನೀವು?"

"ಊಟದ ಹೊತ್ತಾಗಿತ್ತಮ್ಮ. ಜನ ಗಡಿಯಾರ ನೋಡ್ತಿದ್ರು," ಎಂದರು ಪಾದ್ರಿ. ಪಾಪ, ನಿಜವನ್ನೇ ಹೇಳಿದರು.

ಅವಳು ಗೆದ್ದವಳ ಹಾಗೆ ಮನೆಗೆ ಬಂದು, ಬಾಗಿಲಲ್ಲಿ ನಿಂತೇ ಮಾಕೀರನ ಕಥೆಯನ್ನೆಲ್ಲ ಸೂಜಿಗೆ ಹೇಳಿದಳು. ಸೂಜಿ ಕೈಯಲ್ಲಿದ್ದ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಚೆನ್ನಾಗಿದೆ. ಆದ್ರೂ ನಾನು ಹೋಗ್ತೀನಿ ಅತ್ತೆ."

"ಏನಂದೆ?"

"ಆ ಮೇಜು ಹೇಗಿದೆ ಅಂತ ನೋಡ್ಬೇಕು. ಅದು ನಮ್ಮಪ್ಪ ಬಿಟ್ಟು ಬಂದ ಮನೆ. ನೀನು ಬೇಡ ಅಂದೆ ಅಂತ ಹೋಗ್ಲಿಲ್ಲ ಅಂದ್ರೆ ಸಾಯೋವರೆಗೂ ನಿನ್ನ ಬೈಕೊಂಡಿರ್ತೀನಿ. ಬೇಕಾ ನಿಂಗೆ?"

ತಾನೇ ಸಾಕಿ ಬೆಳೆಸಿದ ಹಟ ತನಗೇ ಎದುರು ನಿಂತಿತ್ತು. ಏಳು ಎಂದು ಹೇಳಿಕೊಟ್ಟವಳು ಕೂರು ಎಂದು ಹೇಳುವುದು ಹೇಗೆ? ಹತ್ತಿಯತ್ತೆ ಹೇಳಲಿಲ್ಲ. ಆದರೆ ಸಿಟ್ಟು ಇಳಿಯಬೇಕಲ್ಲ. ಶುಕ್ರವಾರ ಕಾರು ಬಂದಾಗ ಡ್ರೈವರು ಸೂಜಿಯ ಚೀಲ ಎತ್ತಿಟ್ಟು, ಹಾಸಿಗೆಯ ಕಡೆ ಕೈ ಚಾಚಿದ. ದೊಡ್ಡಪ್ಪ ಬೇಡವೆಂದ. ಅಲ್ಲಿ ಹೊಸ ಮಂಚ, ಹೊಸ ಹಾಸಿಗೆ, ಎಲ್ಲ ಬಂದಿದೆ. ಈ ಹಳೇದು ಯಾಕೆ? ಆ ಬಂಡಿಯೂ ಬೇಡ, ಕಾರಿದೆಯಲ್ಲ. ಹತ್ತಿಯತ್ತೆಗೆ ಗೊತ್ತಿತ್ತು, ಅಂಗಡಿಯ ಹಾಸಿಗೆಯಿಂದ ಆ ಹುಡುಗಿ ಏಳಲಾರಳು ಎಂದು. ಹೇಳಬಹುದಿತ್ತು. "ಹೌದೌದು, ರಾಜನ ಮನೇಲಿ ಹಾಸಿಗೆಗೆ ಬರಾನಾ?" ಎಂದು ಮುಖ ತಿರುಗಿಸಿಕೊಂಡಳು. ಜೀವಮಾನವಿಡೀ ಯಾರಿಗೂ ಅಳತೆ ತಪ್ಪಿದ ಹಾಸಿಗೆ ಕೊಡದವಳು ಅಂದು ತನ್ನ ಹುಡುಗಿಯನ್ನು ಹಾಸಿಗೆಯಿಲ್ಲದೆ ಕಳಿಸಿದಳು.

ಶೆಡ್ಡು ಮೌನವಾಯಿತು. ಜಗಳಕ್ಕೆ ಯಾರೂ ಇಲ್ಲದೆ ಹತ್ತಿಯತ್ತೆ ಹಿಂಜುವ ಬಿಲ್ಲಿನೊಂದಿಗೆ, ಹತ್ತಿಯೊಂದಿಗೆ ಜಗಳವಾಡಿದಳು. ಒಂದು ಬೆಳಗ್ಗೆ ಗವಸಿಗೆ ಗುರುತು ಹಾಕುವ ನೀಲಿ ಬಣ್ಣ ತೆಗೆದು, ಬಾಗಿಲ ಮೇಲೆ ಮೊಳದುದ್ದದ ಅಕ್ಷರದಲ್ಲಿ ಲೋದೆಬಾರ್ ಎಂದು ಬರೆದಳು. ಗಲ್ಲಿಯವರು ಬಂದು ಇದೇನಿದು ಎಂದರು.

"ಊರಿನ ಹೆಸರು. ಏನೂ ಇಲ್ಲದ್ದು ಅಂತ ಅರ್ಥ."

"ಬೈಗುಳ ಅಲ್ವಾ ಅತ್ತೆ ಅದು?"

"ಬೈಗುಳವೇ. ಅವರು ಬಿಸಾಕಿ ಹೋದ್ರು, ನಾನು ಎತ್ತಿಟ್ಕೊಂಡೆ. ಈ ಜಾಗದಲ್ಲಿ ಇರೋದೆಲ್ಲ ಯಾರೋ ಬಿಸಾಕಿದ್ದೇ ತಾನೇ?"

ಸುದ್ದಿ ತಂದವನು ಇಸ್ತ್ರಿಯವನು. ದೊಡ್ಡ ಮನೆಯ ಬಟ್ಟೆಯೂ ಅವನ ಕೈಗೇ ಬರುತ್ತಿತ್ತು. ಸೂಜಿ ಹೋಗಿ ಎರಡು ವಾರವಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಬಂದು ಕುಕ್ಕರಗಾಲಲ್ಲಿ ಕೂತು ಹೇಳಿದ: "ನಿಮ್ಮ ಸೂಜಿ ಏಳೋದೇ ಇಲ್ಲವಂತೆ ಅತ್ತೆ. ಅಷ್ಟೆತ್ತರದ ಮೆತ್ತೆ ಹಾಸಿಗೆ. ಕೈ ಊರಿದ್ರೆ ಮೊಣಕೈವರೆಗೂ ಒಳಗೆ ಹೋಗುತ್ತಂತೆ. ಊರುಗೋಲು ನೆಲಕ್ಕೆ ಗೆರೆ ಬೀಳಿಸುತ್ತೆ ಅಂತ ಎತ್ತಿಟ್ಟಿದಾರೆ. ಊಟದ ಹೊತ್ತಿಗೆ ಇಬ್ಬರು ಬಂದು ಎತ್ಕೊಂಡ್ಹೋಗಿ ಮೇಜಿಗೆ ಕೂರಿಸ್ತಾರೆ, ಆಮೇಲೆ ಎತ್ಕೊಂಡ್ಹೋಗಿ ಮಲಗಿಸ್ತಾರೆ. ಬಂದ ನೆಂಟರಿಗೆಲ್ಲ ತೋರಿಸ್ತಾರೆ."

"ಅವಳು ಕಚ್ಚಲಿಲ್ವಾ?"

"ಇಲ್ಲ. ಸುಮ್ನಿದಾಳೆ."

ಸೂಜಿ ಸುಮ್ಮನಿದ್ದಾಳೆ! ತನ್ನ ಬಿಂಕ ಯಾರ ಬೆನ್ನಿಗೆ ಬಿತ್ತು ಎಂದು ಹತ್ತಿಯತ್ತೆಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಎದ್ದು ಸೂಜಿಯ ಹಾಸಿಗೆಯನ್ನು ಸುರುಳಿ ಸುತ್ತಿ ಮೂರುಗಾಲಿ ಬಂಡಿಯಲ್ಲಿ ಕೂರಿಸಿ, ತಳ್ಳಿಕೊಂಡು ಹೊರಟಳು. ದಾರಿಯುದ್ದಕ್ಕೂ ಜನ ನೋಡಿದರು. ನೋಡಲಿ. ರಾಜನ ಬಳಿಗೆ ಹಾಸಿಗೆ ತಂದವನನ್ನೂ ಜನ ನೋಡಿಯೇ ಇರುತ್ತಾರೆ.

ದೊಡ್ಡ ಮನೆಯ ಕಾವಲುಗಾರ, "ಸಾಮಾನಿಗೆ ಹಿಂದಿನ ಬಾಗಿಲು," ಎಂದ.

"ಇದು ಸಾಮಾನಲ್ಲ," ಎಂದು ಹತ್ತಿಯತ್ತೆ ಬಂಡಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಮುಂಬಾಗಿಲಿನಿಂದಲೇ ಒಳಗೆ ನಡೆದಳು.

ಊಟ ನಡೆದಿತ್ತು. ಉದ್ದನೆಯ ಮೇಜು, ಚರ್ಚಿನಿಂದ ಬಂದ ಅತಿಥಿಗಳು, ನಡುವೆ ಎತ್ತರದ ಕುರ್ಚಿಯಲ್ಲಿ ಸೂಜಿ. ಒಳ್ಳೆಯ ಬಟ್ಟೆ ಹಾಕಿದ್ದರು, ತಲೆ ಬಾಚಿದ್ದರು. ಕಾಲುಗಳು ನೆಲಕ್ಕೆ ತಾಗದೆ ತೂಗುತ್ತಿದ್ದವು. ಮುಖ ಬಾಡಿತ್ತು. ಹತ್ತಿಯತ್ತೆ ಯಾರನ್ನೂ ಮಾತಾಡಿಸದೆ, ಹೊಳೆಯುವ ನೆಲದ ಮೇಲೆ ಹಾಸಿಗೆಯನ್ನು ದೊಪ್ಪೆಂದು ಹಾಕಿ ಬಿಡಿಸಿದಳು. ಹತ್ತಿಯ ಎಳೆಗಳು ಎದ್ದು ಒಂದೆರಡು ಸಾರಿನ ಬಟ್ಟಲಿಗೂ ಬಿದ್ದವು.

"ಹುಡುಗಿ ಹಾಸಿಗೆ ತಂದಿದೀನಿ. ವಾಪಸ್ ಕರ್ಕೊಂಡು ಹೋಗೋಕೆ ಬಂದಿಲ್ಲ. ಇರೋದಾದ್ರೆ ಇಲ್ಲೇ ಇರ್ಲಿ, ಇದರ ಮೇಲೆ ಮಲಗಿ ತಾನೇ ಎದ್ದಿರ್ಲಿ. ಮೊದಲೇ ಕಳಿಸ್ಬೇಕಿತ್ತು. ಕಳಿಸಲಿಲ್ಲ, ತಪ್ಪು ನಂದು."

ದೊಡ್ಡಪ್ಪನ ಮುಖ ಕೆಂಪಾಯಿತು. "ಇದು ಮನೆಯೋ ಸಂತೆಯೋ? ಹೇಳದೆ ಕೇಳದೆ ನುಗ್ಗೋಕೆ ನೀನು ಅವಳಿಗೆ ಏನಾಗಬೇಕು?"

ಈ ಸಲ ಮಾತು ಬಂತು. "ಏನೂ ಆಗಬೇಕಿಲ್ಲ. ಹಾಸಿಗೆ ಹೊಲಿಯೋಳು."

ಯಾರೋ ಚಮಚ ಕೆಳಗಿಟ್ಟರು. ಸೂಜಿ ಕುರ್ಚಿಯ ಎರಡು ಕೈ ಹಿಡಿದು ಮೈಯನ್ನು ಮುಂದಕ್ಕೆಳೆದಳು. "ಇಳಿಸ್ಬೇಕಾ?" ಎನ್ನುತ್ತ ಇಬ್ಬರು ಆಳುಗಳು ಓಡಿಬಂದರು. "ಮುಟ್ಟಿದ್ರೆ ಕಚ್ತೀನಿ," ಎಂದಳು ಸೂಜಿ. ಅವಳ ದನಿ ವಾಪಸ್ ಬಂದಿತ್ತು. ಜಾರಿ, ಅರ್ಧ ಬಿದ್ದು, ಹಾಸಿಗೆಯ ಮೇಲೆ ಕುಳಿತಳು. ಹತ್ತಿಯತ್ತೆ ಪರದೆಯ ಹಿಂದಿನಿಂದ ಊರುಗೋಲುಗಳನ್ನು ಹುಡುಕಿ ತಂದು ಹಾಸಿಗೆಯ ಪಕ್ಕ ಇಟ್ಟಳು. ಕೈ ಕೊಡಲಿಲ್ಲ. ಸೂಜಿ ಗಟ್ಟಿ ಅಂಚಿಗೆ ಮುಷ್ಟಿ ಊರಿ, ಉಸಿರು ಬಿಗಿ ಹಿಡಿದು, ಊರುಗೋಲು ಎಳೆದುಕೊಂಡು ಎದ್ದು ನಿಂತಳು. ನಡೆದು ಮೇಜಿನ ಬಳಿ ಹೋಗಿ ತನ್ನ ತಟ್ಟೆಯಲ್ಲಿ ಉಳಿದಿದ್ದ ಹಣ್ಣಿನ ಹೋಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದಳು.

"ಊಟ ಚೆನ್ನಾಗಿತ್ತು ದೊಡ್ಡಪ್ಪ. ಸುಳ್ಳಲ್ಲ. ಇನ್ನೊಂದು ಸಲ ಕರೆದ್ರೆ ಬರ್ತೀನಿ. ಬಂಡೀಲಿ ಬಂದು ಬಂಡೀಲಿ ಹೋಗ್ತೀನಿ. ಈಗ ನಮ್ಮೂರಿಗೆ ಹೊರಟೆ."

"ಆ ಬೂದಿಗುಡ್ಡೇಲಿ ಏನಿದೆ ನಿಂಗೆ?" ಎಂದ ದೊಡ್ಡಪ್ಪ. ಅವನ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯವೇ ಇತ್ತು.

"ಕೆಲಸ ಇದೆ. ಬಾಯಿಗೆ ಬಂದ ಹಾಗೆ ಬೈಯೋಕೆ ಇವಳಿದಾಳೆ."

ಹತ್ತಿಯತ್ತೆ ಬಗ್ಗಿ ಹಾಸಿಗೆ ಸುತ್ತತೊಡಗಿದಳು. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣದಿರಲೆಂದು ಸುತ್ತುವುದನ್ನು ತುಸು ನಿಧಾನ ಮಾಡಿದಳು. ಅಷ್ಟರಲ್ಲಿ ಮೇಜಿನ ತುದಿಯಿಂದ ದೊಡ್ಡಮ್ಮ, ದಿಂಬು ಒತ್ತಿಕೊಂಡೇ, ಸಣ್ಣ ದನಿಯಲ್ಲಿ ಕೇಳಿದಳು, "ಆ ಹಾಸಿಗೆ ಇಲ್ಲೇ ಬಿಟ್ಟು ಹೋಗ್ತೀಯೇನಮ್ಮ? ನನ್ನ ಸೊಂಟ… ಬೆಳಗ್ಗೆ ನನ್ನನ್ನೂ ಎಳೆದು ಎಬ್ಬಿಸಬೇಕು."

"ಇದು ಅವಳ ಅಳತೆದು. ನಿಮಗಾಗಲ್ಲ," ಎಂದಳು ಹತ್ತಿಯತ್ತೆ. "ನಿಮ್ಮ ಸೊಂಟಕ್ಕೆ ಬೇರೆ ಹೊಲೀಬೇಕು. ಅಳತೆ ಕೊಡೋಕೆ ನೀವೇ ಬರ್ಬೇಕು. ಬಾಗಿಲ ಮೇಲೆ ಊರಿನ ಹೆಸರು ಬರ್ದಿದೀನಿ, ದಾರಿ ತಪ್ಪಲ್ಲ."

ಮುಂದಿನ ವಾರವೇ ಕಾರು ಕರಕರ ಎನ್ನುತ್ತ ಬಂತು. ದೊಡ್ಡಪ್ಪನೇ ಹೆಂಡತಿಯ ತೋಳು ಹಿಡಿದು ಬಾಗಿಲವರೆಗೆ ಕರೆತಂದ. ನೀಲಿ ಅಕ್ಷರಗಳನ್ನು ಓದಿಕೊಂಡ. ಒಳಗೆ ಬರಲು ಬಗ್ಗಿದ. ಕೂರಲು ಕುರ್ಚಿಯಿರಲಿಲ್ಲವಾದ್ದರಿಂದ ಹತ್ತಿಯ ಮೂಟೆಯ ಮೇಲೆ ಕೂತ. ದೊಡ್ಡಮ್ಮ ಹಲಗೆಯ ಮೇಲೆ ಮಲಗಿದಳು. ಹತ್ತಿಯತ್ತೆ ಅವಳ ಸೊಂಟದ ಕೆಳಗೆ ಅಂಗೈ ತೂರಿಸಿ, ಹೂಂ ಎಂದು, ಸೂಜಿಗೆ ಬಿಗಿ ಎಷ್ಟೆಂದು ಹೇಳಿದಳು. ಅಷ್ಟು ಬೇಡ, ಇಷ್ಟು ಸಾಕು ಎಂದು ಸೂಜಿ ತಕರಾರು ತೆಗೆದಳು. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು.

ಅಳತೆ ಮುಗಿದ ಮೇಲೆ ದೊಡ್ಡಮ್ಮ ಅಭ್ಯಾಸದಂತೆ ಗಂಡನ ಕಡೆ ಕೈ ಚಾಚಿದಳು. ಅವನು ಮೂಟೆಯಿಂದ ಏಳಲು ಹೊರಟ. ಸೂಜಿ ತೊಲೆಯ ಹಗ್ಗವನ್ನು ಎಳೆದು ದೊಡ್ಡಮ್ಮನ ಅಂಗೈಗೆ ಕೊಟ್ಟಳು.

"ಹಿಡ್ಕೊಳ್ಳಿ. ಲೋದೆಬಾರಲ್ಲಿ ಯಾರೂ ಯಾರನ್ನೂ ಎತ್ತಲ್ಲ. ಏಳಿ."